ದಂಡಿನ ಟಾನಿಕ್ ಬಾಟಲಿಗಳು

ಓದಿದ್ದು ನೆನಪಿರಲಿ, ಕೆಲಸದ ಹೊತ್ತಿಗೆ ನಿದ್ದೆ ಬಾರದಿರಲಿ ಎಂದು ಔಷಧ ಕೇಳುವವರು ನಿನ್ನೆ ಮೊನ್ನೆ ಹುಟ್ಟಿಕೊಂಡವರಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆ ಬೇಡಿಕೆ ನನ್ನ ತಂದೆಯ ಕಾಲಕ್ಕೂ ಹಳೆಯದು. ಅವರು ಶಿವಾಜಿನಗರದ ಒಂದು ಔಷಧದಂಗಡಿಯಲ್ಲಿ ಕಾಂಪೌಂಡರ್ ಆಗಿದ್ದರು. ಆಗಿನ್ನೂ ಹಳಬರ ಬಾಯಲ್ಲಿ ಅದು ಬ್ಲ್ಯಾಕ್‌ಪಲ್ಲಿಯೇ. ನಾನು ಡಿ.ಫಾರ್ಮ ಓದಿ, ಹಲಸೂರಿನಲ್ಲಿ ಕೌಂಟರಿನ ಹಿಂದೆ ನಿಂತು ವಯಸ್ಸಾದವಳು. ಅಪ್ಪ ಕಲಸಿದ್ದನ್ನೂ ನಾನು ಕೊಟ್ಟದ್ದನ್ನೂ ಜೊತೆಗಿಟ್ಟು ನೋಡಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಈ ಬಗೆಯ ಔಷಧಕ್ಕೆ ಗಿರಾಕಿ ಮೊದಲು ಬರುತ್ತಾನೆ, ಪರೀಕ್ಷೆ ಆಮೇಲೆ ಬರುತ್ತದೆ.

1809ರಲ್ಲಿ ಇಲ್ಲಿ ದಂಡು ಇಳಿಯಿತು. 1868ರಲ್ಲಿ ಬೌರಿಂಗ್ ಆಸ್ಪತ್ರೆ ಬಂತು. ದಂಡಿನ ಹಿಂದೆಯೇ ಇಂಗ್ಲಿಷ್ ಔಷಧಗಳೂ ಬಂದವು. ಅವುಗಳಲ್ಲಿ ಅಪ್ಪ ಅಳುಕುತ್ತಲೇ ಹೆಸರೆತ್ತುತ್ತಿದ್ದದ್ದು ಈಸ್ಟನ್ಸ್ ಸಿರಪ್. ಗ್ಲಾಸ್ಗೋದ ಪ್ರಾಧ್ಯಾಪಕ ಜಾನ್ ಈಸ್ಟನ್ ಹೆಸರಿನದು. ಕಬ್ಬಿಣ, ಕ್ವಿನೈನ್, ಜೊತೆಗೆ ಸ್ಟ್ರಿಕ್ನಿನ್. ನರಗಳಿಗೆ ಬಲ ಬರುತ್ತದೆ, ದಣಿದ ತಲೆ ಚುರುಕಾಗುತ್ತದೆ ಎಂದು ಅದನ್ನು ಕುಡಿಯುತ್ತಿದ್ದರು. ಸ್ಟ್ರಿಕ್ನಿನ್ ಎಲ್ಲಿಂದ ಬಂತು? ನಮ್ಮದೇ ಕಾಸರಕದ ಬೀಜದಿಂದ. 1818ರಲ್ಲಿ ಫ್ರಾನ್ಸಿನ ಪೆಲೆತಿಯೆ ಮತ್ತು ಕವಾಂತು ಅದನ್ನು ಬೇರ್ಪಡಿಸಿದರು. ನಮ್ಮ ಕಾಡಿನಲ್ಲಿ ದನಗಾಹಿಗೂ ಗೊತ್ತಿದ್ದ ವಿಷ, ಸೀಸೆಯೊಳಗೆ ಸಿಹಿಯಾಗಿ ಟಾನಿಕ್ ಆಗಿ ನಮ್ಮಲ್ಲಿಗೇ ಮರಳಿತು. ಇದೇ ಸ್ಟ್ರಿಕ್ನಿನ್ ಹಾಕಿ ಎಷ್ಟೋ ನಗರಸಭೆಗಳು ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದವು.

ತಲೆ ಚುರುಕುಗೊಳಿಸುವಲ್ಲಿ ಈ ಸ್ಟ್ರಿಕ್ನಿನ್‌ಗೆ ಪರಿಣಾಮವೇ ಇರಲಿಲ್ಲ ಎನ್ನುವಂತಿಲ್ಲ. 1917ರಲ್ಲಿ ಅಮೆರಿಕದ ಕಾರ್ಲ್ ಲ್ಯಾಶ್ಲಿ ಸಣ್ಣ ಪ್ರಮಾಣದ ಸ್ಟ್ರಿಕ್ನಿನ್ ಕೊಟ್ಟ ಇಲಿಗಳು ಸುತ್ತುದಾರಿಯನ್ನು ಬೇಗ ಕಲಿತದ್ದನ್ನು ಕಂಡರು. 1904ರ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಥಾಮಸ್ ಹಿಕ್ಸ್‌ಗೆ ದಾರಿಯಲ್ಲೇ ಸ್ಟ್ರಿಕ್ನಿನ್ ಮತ್ತು ಬ್ರಾಂಡಿ ಕುಡಿಸಿದ್ದರು. ಗೆದ್ದ, ಗುರಿ ಮುಟ್ಟುವಷ್ಟರಲ್ಲಿ ಕುಸಿದ. ಚುರುಕು ತರುವ ಅಳತೆಗೂ ಸೆಳೆತ ತಂದು ಉಸಿರು ಕಟ್ಟಿಸುವ ಅಳತೆಗೂ ನಡುವಿನ ಅಂತರ ಬಹಳ ಕಿರಿದು. ಆ ಅಂತರವನ್ನು ಕಾಯುವ ಹೊಣೆ ಬೀಳುತ್ತಿದ್ದದ್ದು ಕಡಿಮೆ ಸಂಬಳದ ಕಾಂಪೌಂಡರನ ಮೇಲೆ.

ಬಾಟಲಿಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು, ಒಂದೊಂದು ಹಲ್ಲಿಗೆ ಒಂದೊಂದು ಡೋಸ್. ಮೇಲೆ ‘ಚೆನ್ನಾಗಿ ಕುಲುಕಿ’ ಎಂಬ ಚೀಟಿ. ಸ್ಟ್ರಿಕ್ನಿನ್ ಇರುವ ಮಿಕ್ಸ್ಚರಿಗೆ ಕ್ಷಾರವೋ ಬ್ರೋಮೈಡೋ ಸೇರಿದರೆ ವಿಷ ಹರಳಾಗಿ ತಳಕ್ಕಿಳಿಯುತ್ತದೆ. ಮೊದಲ ಚಮಚಗಳು ನಿರಪಾಯ, ಕೊನೆಯದು ಕೊಲ್ಲುತ್ತದೆ. ಹಿಂದೆ ಆಸ್ಪತ್ರೆಯಲ್ಲಿ ಔಷಧ ಕಲಸಿದ್ದ ಅಗಾಥಾ ಕ್ರಿಸ್ಟಿ ತನ್ನ ಮೊದಲ ಕಾದಂಬರಿಯ ಕೊಲೆಯನ್ನು ಕಟ್ಟಿದ್ದು ಇದರ ಮೇಲೆಯೇ. ಅಪ್ಪ ನನಗೆ ಕಲಿಸಿದ ಮೊದಲ ಫಾರ್ಮಸಿ ಪಾಠವೂ ಇದೇ: “ಮಗೂ, ಕುಡಿದವನು ನಾಳೆ ಚೆನ್ನಾಗಿದ್ದಾನೆ ಅಂದ್ರೆ ಔಷಧ ಒಳ್ಳೇದು ಅಂತಲ್ಲ. ಬಾಟಲಿ ಖಾಲಿಯಾಗೋವರೆಗೂ ಕಾಯಬೇಕು.”

1940ರ ಔಷಧ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ ಬಂದ ಮೇಲೆ ಕಲಸುವ ಕೆಲಸ ಕಾರ್ಖಾನೆಗೆ ಹೋಯಿತು. ಕೇಳುವವರು ಉಳಿದರು. ನನ್ನ ಕಾಲಕ್ಕೆ ಮಾರ್ಚ್ ತಿಂಗಳೆಂದರೆ ಎಸ್‌ಎಸ್‌ಎಲ್‌ಸಿ ಮಕ್ಕಳ ತಾಯಂದಿರು. “ಅಕ್ಕಾ, ಮೆದುಳಿಗೆ ಏನಾದ್ರೂ ಕೊಡಿ, ಓದಿದ್ದು ತಲೇಲಿ ನಿಲ್ತಿಲ್ಲ.” 1990ರ ದಶಕದಲ್ಲಿ ಲಖ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಕೆಲಸದಿಂದ ಬಂದ ಬ್ರಾಹ್ಮಿ ಸಾರದ ಮಾತ್ರೆ ‘ಮೆಮೊರಿ ಪ್ಲಸ್’ ಹೆಸರಿನಲ್ಲಿ ಸಿಗತೊಡಗಿತು, ಜಾಹೀರಾತಿನಲ್ಲಿ ವಿಶ್ವನಾಥನ್ ಆನಂದ್. ಚದುರಂಗದ ವೀರನ ಮುಖ ನೋಡಿ ಎಷ್ಟು ತಾಯಂದಿರು ದುಡ್ಡು ತೆಗೆದರೋ.

ಬ್ರಾಹ್ಮಿಯನ್ನು ನಾನು ಹೀಗಳೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತರಿಗೆ ದಿನಕ್ಕೆ 300 ಮಿ.ಗ್ರಾಂ ಸಾರ ಕೊಟ್ಟು 12 ವಾರ ನೋಡಿ, ಕಲಿಕೆಯ ಕೆಲವು ಅಳತೆಗಳಲ್ಲಿ ಸುಧಾರಣೆ ಕಂಡದ್ದು 2001ರಲ್ಲಿ ಪ್ರಕಟವಾಗಿದೆ. ಆದರೆ ಅದು ಅಳೆದು ಶುದ್ಧಪಡಿಸಿದ ಸಾರ, ಅವಧಿ 12 ವಾರ, ತೆಗೆದುಕೊಂಡವರು ದೊಡ್ಡವರು. ನಮ್ಮ ಮಾರುಕಟ್ಟೆಯ ಕಟ್ಟಿನಲ್ಲಿ ಆ ಸಾರ ತೆಗೆಯುವ ನೀರುಬ್ರಾಹ್ಮಿಯ ಬದಲು ಹಲವು ಸಲ ಒಂದೆಲಗ ಇರುತ್ತದೆ. ಎರಡೂ ಬ್ರಾಹ್ಮಿಯೆಂದೇ ಮಾರಾಟವಾಗುತ್ತವೆ, ಗಿಡಗಳು ಮಾತ್ರ ಬೇರೆ ಬೇರೆ ಕುಟುಂಬದವು. ಇನ್ನೊಂದು ಭಯ ನೀರಿನದು. ನೀರುಬ್ರಾಹ್ಮಿ ಬೆಳೆಯುವುದು ಕೆರೆಯಂಚಿನ ಕೆಸರಿನಲ್ಲಿ, ಕ್ಯಾಡ್ಮಿಯಂನಂಥ ಲೋಹಗಳನ್ನು ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೆಳ್ಳಂದೂರು ಕೆರೆ ನೊರೆ ಕಾರಿ ಬೆಂಕಿ ಹತ್ತಿದ್ದನ್ನು ಕಂಡ ಊರಿನವರು ನಾವು. ಸೊಪ್ಪು ಯಾವ ನೀರಿನದು ಎಂದು ಕೇಳದೆ ಮಗುವಿಗೆ ಅರೆದು ಕುಡಿಸಬಾರದು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೋಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಬ್ರಾಹ್ಮಿಯ ಜೊತೆಗೆ ನೆನಪಿಗೆಂದು ಕೇಳುತ್ತಿದ್ದ ಇನ್ನೊಂದು ಔಷಧ ಪಿರಾಸೆಟಮ್. 1964ರಲ್ಲಿ ಬೆಲ್ಜಿಯಂನಲ್ಲಿ ಕೊರ್ನೆಲಿಯು ಜುರ್ಜಿಯಾ ತಯಾರಿಸಿದ್ದು. ಅಮೆರಿಕದಲ್ಲಿ ಇಂದಿಗೂ ಔಷಧವಾಗಿ ಮಂಜೂರಾತಿ ಇಲ್ಲ; ನಮ್ಮಲ್ಲಿ ವೈದ್ಯರು ಸಿರಪ್ಪನ್ನೂ ಬರೆಯುತ್ತಾರೆ. ಅದು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ, ರಕ್ತ ಹೆಪ್ಪುಗಟ್ಟುವುದನ್ನೂ ತಗ್ಗಿಸುತ್ತದೆ. ಅಜ್ಜನಿಗೆ ಪಾರ್ಶ್ವವಾಯುವಿಗೆ ಬರೆದುಕೊಟ್ಟ ಬಾಟಲಿಯನ್ನು ಮೊಮ್ಮಗನ ಪರೀಕ್ಷೆಗೆ ಬಗ್ಗಿಸುವವರನ್ನು ನಾನು ಬೈದು ಕಳಿಸಿದ್ದೇನೆ, ಅದಕ್ಕೆ ವಿಷಾದವಿಲ್ಲ. ಮೆದುಳಿನ ಸಾಮರ್ಥ್ಯ, ಜ್ಞಾಪಕಶಕ್ತಿ ಹೆಚ್ಚಿಸುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಬಾರದೆಂದು ಔಷಧ ನಿಯಮಗಳ ಶೆಡ್ಯೂಲ್ ಜೆ ಸ್ಪಷ್ಟವಾಗಿ ತಡೆದಿದೆ. ಅಂಗಡಿಯ ಗೋಡೆಯ ಪೋಸ್ಟರುಗಳು ಅದನ್ನು ಓದಿದಂತಿಲ್ಲ.

ಆಮೇಲೆ ರಾತ್ರಿಪಾಳಿ ಬದಲಾಯಿತು. ಎಚ್‌ಎಎಲ್, ದೂರವಾಣಿನಗರದ ಐಟಿಐ ಕಾರ್ಮಿಕರು ಪಾಳಿಯ ನಿದ್ದೆಯನ್ನು ಚಹಾ ಕುಡಿದು ತಡೆದವರು. ಕೆ.ಆರ್. ಪುರದಾಚೆ ವೈಟ್‌ಫೀಲ್ಡ್ ಕಂಪನಿಗಳು ಬಂದ ಮೇಲೆ, ಇಂದಿರಾನಗರದ ಬಾಡಿಗೆ ಕೋಣೆಗಳ ಹುಡುಗ ಹುಡುಗಿಯರು ಮೊಡಾಫಿನಿಲ್ ಹೆಸರು ಹೇಳಿ ಕೇಳತೊಡಗಿದರು. ಫ್ರಾನ್ಸಿನಲ್ಲಿ ಹುಟ್ಟಿದ ಈ ಮಾತ್ರೆಗೆ 1998ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು ಹಗಲಲ್ಲೇ ತಡೆಯಲಾರದ ನಿದ್ದೆ ಬರುವ ನಾರ್ಕೋಲೆಪ್ಸಿ ಕಾಯಿಲೆಗೆ. ಪಾಳಿ ಕೆಲಸದ ನಿದ್ರಾದೋಷಕ್ಕೆ 2004ರಲ್ಲಿ. ಯುರೋಪು 2010ರಲ್ಲಿ ಚರ್ಮದ ತೀವ್ರ ಪ್ರತಿಕ್ರಿಯೆ, ಮಾನಸಿಕ ತೊಂದರೆಗಳನ್ನು ಲೆಕ್ಕ ಹಾಕಿ ಅದನ್ನು ನಾರ್ಕೋಲೆಪ್ಸಿಗೆ ಮಾತ್ರ ಸೀಮಿತಗೊಳಿಸಿತು. ಆರೋಗ್ಯವಂತರ ಮೇಲೆ ನಡೆದ 24 ಅಧ್ಯಯನಗಳನ್ನು 2015ರಲ್ಲಿ ಒಟ್ಟುಮಾಡಿ ನೋಡಿದರು; ಹೆಚ್ಚಿನವು ಒಂದೇ ಡೋಸ್ ಕೊಟ್ಟು ಅಳೆದಂಥವು. ವರ್ಷಗಟ್ಟಲೆ ನುಂಗುವ ಆರೋಗ್ಯವಂತನ ಬಾಟಲಿಯ ತಳದಲ್ಲಿ ಏನಿದೆ ಎಂದು ಆ ಒಂದು ಡೋಸ್ ಹೇಳಲಾರದು.

ವೈದ್ಯರ ಚೀಟಿ ಇಲ್ಲದೆ ನಾನು ಮೊಡಾಫಿನಿಲ್ ಕೊಟ್ಟವಳಲ್ಲ. ಚೀಟಿ ತಂದ ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಕರೆದು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತೀಯಾ ತಾಯಿ ಎಂದು ಕೇಳುತ್ತಿದ್ದೆ. ಮೊಡಾಫಿನಿಲ್ ಅದರ ಬಲ ಕುಂದಿಸುತ್ತದೆ, ಗರ್ಭದಲ್ಲಿರುವಾಗ ತೆಗೆದುಕೊಂಡರೆ ಮಗುವಿಗೆ ಹುಟ್ಟುದೋಷ ಬರಬಹುದೆಂದು 2019ರಲ್ಲಿ ಎಚ್ಚರಿಕೆಯೂ ಬಂತು. ಹಲವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಔಷಧದ ಅಡ್ಡಪರಿಣಾಮ ವರದಿ ಮಾಡಲು 2010ರಿಂದ ದೇಶದಲ್ಲಿ ವ್ಯವಸ್ಥೆ ಇದೆ. ರೋಗಿಯೇ ತುಂಬಬಹುದಾದ ನಮೂನೆಯೂ ಇದೆ. ಗೆಳೆಯನ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕಿತ್ತುಕೊಂಡವನು ಎದೆ ಡವಗುಟ್ಟಿದರೆ ಯಾರಿಗೂ ಹೇಳದೆ ಸುಮ್ಮನಿರುತ್ತಾನೆ. ಅಂಥವನು ನನ್ನ ಕೌಂಟರಿಗೆ ಬಂದಾಗಲೆಲ್ಲ ಬೈಯದೆ ಕೂರಿಸಿ, ಹೆಸರಿನ ಮೊದಲಕ್ಷರ ಮಾತ್ರ ಬರೆದರೆ ಸಾಕಪ್ಪಾ ಎಂದು ಹೇಳಿ, ಆ ನಮೂನೆಯನ್ನು ನಾನೇ ತುಂಬಿಸಿ ಕಳಿಸಿದ್ದೇನೆ.