ಹೆಸರು ತುಂಬುವ ಚುಕ್ಕಿ ಆಜ್ಞೆಗಳು

ಒಂದೇ ಒಕ್ಕಣೆಯ ಕಾಗದವನ್ನು ನೂರು ಮಂದಿಗೆ ಕಳಿಸಬೇಕೆ? ಹಿಂದೆ ಟೈಪಿಸ್ಟ್ ಅದನ್ನು ನೂರು ಸಲ ಟೈಪ್ ಮಾಡಬೇಕಿತ್ತು. ಇಲ್ಲವೇ ಸೈಕ್ಲೋಸ್ಟೈಲ್ ಪ್ರತಿಯಲ್ಲಿ ಬಿಟ್ಟ ಜಾಗಕ್ಕೆ ಹೆಸರನ್ನು ಪೆನ್ನಿನಿಂದ ತುಂಬಬೇಕಿತ್ತು. ಆದ್ದರಿಂದಲೇ ಹೆಸರು ಸಹಿತ ಟೈಪಾದ ಪತ್ರಕ್ಕೆ ಒಂದು ತೂಕವಿತ್ತು.

ಅಮೆರಿಕದ ಮೈಕ್ರೋಪ್ರೋ ಕಂಪನಿಯ 'ವರ್ಡ್‌ಸ್ಟಾರ್' ಬಂದದ್ದು 1979ರಲ್ಲಿ. ರಾಬ್ ಬಾರ್ನಬಿ ಬರೆದ ಈ ಪದಸಂಸ್ಕಾರಕಕ್ಕೆ ಆಮೇಲೆ ಜೊತೆಯಾದದ್ದು 'ಮೇಲ್‌ಮರ್ಜ್'. ಇದರಲ್ಲಿ ಪತ್ರ ಒಂದು ಕಡತ, ವಿಳಾಸಗಳ ಪಟ್ಟಿ ಇನ್ನೊಂದು. ಪತ್ರದ ಮೇಲ್ತುದಿಯಲ್ಲಿ ಚುಕ್ಕಿಯಿಂದ ಶುರುವಾಗುವ ಆಜ್ಞೆಗಳು: '.ಡಿಎಫ್' ಎಂದರೆ ಪಟ್ಟಿ ಯಾವುದು ಎಂದು ತಿಳಿಸುವುದು, '.ಆರ್‌ವಿ' ಎಂದರೆ ಅದರಿಂದ ಹೆಸರು, ಊರುಗಳನ್ನು ಕ್ರಮವಾಗಿ ಓದುವುದು. ಈ ಸಾಲುಗಳು ಮಾತ್ರ ಅಚ್ಚಾಗುತ್ತಿರಲಿಲ್ಲ. ಒಕ್ಕಣೆಯಲ್ಲಿ ಎರಡು '&' ಗುರುತುಗಳ ನಡುವಿನ ಜಾಗಕ್ಕೆ ಪ್ರತಿ ಪತ್ರದಲ್ಲೂ ಹೊಸ ಹೆಸರು ಬಂದು ಕೂರುತ್ತಿತ್ತು.

ಪಟ್ಟಿಯ ವಿವರಗಳನ್ನು ಬೇರ್ಪಡಿಸುತ್ತಿದ್ದುದು ಬರೀ ಅಲ್ಪವಿರಾಮ. ಹೆಸರಿನೊಳಗೇ ಅಲ್ಪವಿರಾಮವಿದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಮರೆತರೆ ಹೆಸರಿನ ಬಾಲ ಊರಿನ ಜಾಗಕ್ಕೆ! ಟೈಪಿಸ್ಟ್‌ನ ಕಣ್ಣಿಗೆ ಇಂಥ ತಪ್ಪು ಬೀಳುತ್ತಿತ್ತು. ಯಂತ್ರ ನೋಡುವುದು ಸ್ಥಾನವನ್ನಷ್ಟೆ.

ಶ್ರಮವೇನೋ ಉಳಿಯಿತು. ಆದರೆ ಕಾಗದದಲ್ಲಿ ನಮ್ಮ ಹೆಸರಿದೆ ಎಂದ ಮಾತ್ರಕ್ಕೆ ಯಾರೋ ನಮ್ಮನ್ನು ನೆನೆದು ಬರೆದರು ಎಂದು ನಂಬುವ ಕಾಲ ಅಲ್ಲಿಗೆ ಮುಗಿಯತೊಡಗಿತು.