ತಿರುವಿನ ಕಷ್ಟ ಎಲ್ಲಿಗೆ ಸರಿಯಿತು?

ರೇಸ್ ಕಾರುಗಳ ಹಿಡಿತ ಹೆಚ್ಚಿದಂತೆಲ್ಲ ತಿರುವುಗಳು ಸುಲಭವಾದವು, ಚಾಲಕನ ಪಾಲು ಕುಗ್ಗಿತು ಎಂದು ಹಲವು ಅಭಿಮಾನಿಗಳು ನಂಬಿದ್ದಾರೆ. ಈ ವಿದ್ಯೆ ಬೆಳೆದುಬಂದ ದಾರಿ ಬೇರೆಯದನ್ನೇ ಹೇಳುತ್ತದೆ. ಕಷ್ಟ ಕರಗಲಿಲ್ಲ, ತಿರುವಿನ ಒಳಗಿದ್ದದ್ದು ತಿರುವಿಗೆ ಮುಂಚಿನ ಕ್ಷಣಕ್ಕೆ ಸರಿಯಿತು. 1930ರ ದಶಕದಲ್ಲಿ ಇಟಲಿಯ ತಾಜಿಯೊ ನುವೊಲಾರಿ ನಾಲ್ಕೂ ಚಕ್ರಗಳನ್ನು ಜಾರಿಸುತ್ತ ತಿರುವು ದಾಟುವುದಕ್ಕೆ ಹೆಸರಾದ; 1950ರ ದಶಕದಲ್ಲಿ ಫಾಂಜಿಯೊ, ಸ್ಟರ್ಲಿಂಗ್ ಮಾಸ್ ಅದನ್ನು ಹದಕ್ಕೆ ತಂದರು. ಅದು ಬರೀ ಧೈರ್ಯವಲ್ಲ. ಅಂದಿನ ಕಿರಿದಾದ ಟೈರುಗಳು ಒಂದಿಷ್ಟು ಜಾರಿದಾಗಲೇ ಪೂರ್ತಿ ಹಿಡಿತ ಕೊಡುತ್ತಿದ್ದವು, ಸೋಲುವಾಗಲೂ ಮೆಲ್ಲಗೆ ಸೋಲುತ್ತಿದ್ದವು. ಹಾಗಾಗಿ ತಿರುವಿಗೆ ಹೊಕ್ಕ ಮೇಲೂ ಎಕ್ಸಿಲರೇಟರಿನಿಂದ ಕಾರಿನ ದಿಕ್ಕನ್ನು ತಿದ್ದಲು ವ್ಯವಧಾನವಿತ್ತು. 1957ರ ಮಿಲ್ಲೆ ಮಿಲ್ಯಾ ರೇಸ್ ಗೆದ್ದ ಪಿಯೆರೊ ತರುಫಿ ಎಂಜಿನಿಯರೂ ಹೌದು. ಅವನು ಈ ಚಾಲನೆಯನ್ನು ಗಣಿತಕ್ಕೆ ಒಳಪಡಿಸಿ ಪುಸ್ತಕವನ್ನೇ ಬರೆದ. ಹೊರ ಅಂಚಿನಿಂದ ಬಂದು ಒಳ ಅಂಚನ್ನು ಸವರಿ ಮತ್ತೆ ಹೊರಕ್ಕೆ ಹೋದರೆ ಸಾಗುವ ದಾರಿಯ ತ್ರಿಜ್ಯ ಹಿಗ್ಗುತ್ತದೆ, ವೇಗಕ್ಕೆ ಎಡೆ ಸಿಗುತ್ತದೆ. ಟೈರಿನ ಹಿಡಿತವೆಂಬುದು ಒಂದೇ ಗಂಟಿನ ಹಣ, ಬ್ರೇಕಿಗೆ ಖರ್ಚಾದಷ್ಟು ತಿರುಗಲು ಉಳಿಯದು. ಸ್ಟೇರಿಂಗ್ ತಿರುಗಿಸುತ್ತ ಹೋದಂತೆ ಬ್ರೇಕನ್ನು ಕ್ರಮೇಣ ಸಡಿಲಿಸುವ ಇಂದಿನ ರೂಢಿ ಈ ಲೆಕ್ಕದ್ದೇ.

ನಿಜವಾದ ಪಲ್ಲಟ ತಂದದ್ದು ಗಾಳಿ. 1968ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ ರೆಕ್ಕೆ ಬಂತು; 1977ರ ಲೋಟಸ್ 78 ಕಾರಿನ ತಳವೇ ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಸೆಳೆಯತೊಡಗಿತು. ಪರಿಣಾಮವನ್ನು ಜಪಾನಿನ ಸುಜುಕಾದಲ್ಲಿ ಅಳೆಯಬಹುದು. ಡಚ್ಚರ ಜಾನ್ ಹ್ಯೂಗೆನ್‌ಹೋಲ್ಟ್ಸ್ ವಿನ್ಯಾಸ ಮಾಡಿ 1962ರಲ್ಲಿ ತೆರೆದ ಆ ಟ್ರ್ಯಾಕಿನ '130ಆರ್' ತಿರುವಿನ ಹೆಸರಿನಲ್ಲೇ ಅದರ ಮೂಲ ತ್ರಿಜ್ಯವಿದೆ: 130 ಮೀಟರ್. ಘರ್ಷಣ ಗುಣಾಂಕ 1 ಎಂದು ಹಿಡಿದರೆ, ರೆಕ್ಕೆಯಿಲ್ಲದ ಕಾರು ಆ ತ್ರಿಜ್ಯದಲ್ಲಿ ಗಂಟೆಗೆ ಸುಮಾರು 128 ಕಿ.ಮೀ. ದಾಟಲಾರದು. 2002ರ ಹೊತ್ತಿಗೆ ಕಾರುಗಳು ಅದರ ಎರಡರಷ್ಟಕ್ಕೂ ಹೆಚ್ಚು ವೇಗದಲ್ಲಿ ಹಾಯುತ್ತಿದ್ದವು. ಆದರೆ ಕಾರನ್ನು ನೆಲಕ್ಕೆ ಅದುಮುವ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದದ್ದು. ಹೆದರಿ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲಿ ಹಿಂಬದಿ ಹಗುರಾಗುತ್ತದೆ, ವೇಗ ಇಳಿದಂತೆ ಒತ್ತಡವೂ ಸೋರುತ್ತದೆ. ಒಳಗೆ ಹೊಕ್ಕು ತಿದ್ದುವ ಹಳೆಯ ಅವಕಾಶ ಹೀಗೆ ಮುಚ್ಚಿಹೋಯಿತು. ಅದೇ ವರ್ಷ ಅಲನ್ ಮೆಕ್‌ನಿಷ್‌ನ ಟೊಯೋಟಾ ಅರ್ಹತಾ ಸುತ್ತಿನಲ್ಲಿ ಅಲ್ಲೇ ಹಿಡಿತ ತಪ್ಪಿ ತಡೆಗೋಡೆಯನ್ನು ಭೇದಿಸಿತು. ಮರುವರ್ಷದೊಳಗೆ ತಿರುವಿನ ಆಕಾರವನ್ನೇ ಬದಲಿಸಿದರು.

ಕಾಲು ತೆಗೆಯದೆ ಹಾಯುವ ತಿರುವಿನಲ್ಲಿ ಚಾಲಕನ ಕೌಶಲವೇನು ಎಂದು ಕೇಳಬಹುದು. ಒಣ ಟ್ರ್ಯಾಕ್, ಹೊಸ ಟೈರು, ಕಡಿಮೆ ಇಂಧನದ ಒಂಟಿ ಸುತ್ತಿಗೆ ಆ ಪ್ರಶ್ನೆ ನ್ಯಾಯವೇ. ರೇಸಿನಲ್ಲಿ ಹಾಗಿರುವುದಿಲ್ಲ. ಸಿಮ್ಯುಲೇಟರ್, ದತ್ತಾಂಶಗಳಿಂದ ಎಲ್ಲರೂ ಒಂದೇ ಆಗಿದ್ದಾರೆಂಬ ವಾದ ಇನ್ನೂ ಗಟ್ಟಿ. ಅವು ಕಲಿಕೆಯನ್ನು ಚುರುಕುಗೊಳಿಸಿದ್ದು ನಿಜ. ಆದರೆ ಈ ಸುತ್ತಿನಲ್ಲಿ ಬೀಸುವ ಅಡ್ಡಗಾಳಿ, ಸವೆದ ಟೈರಿನ ಬಿಸಿ, ಈಗ ಬಿದ್ದ ಹನಿ ನಿನ್ನೆಯ ದತ್ತಾಂಶದಲ್ಲಿ ಇರಲಾರವು. ಮುಂದಿನ ಕಾರು ಕಲಕಿದ ಗಾಳಿಯಲ್ಲಿ ಹಿಂದಿನ ಕಾರಿನ ಒತ್ತಡ ಕುಸಿಯುತ್ತದೆ. 2022ರ ನಿಯಮಗಳು ಲೋಟಸ್ 78ರಂತೆ ಗಾಳಿ ಬಳಸುವ ತಳದ ಸುರಂಗಗಳನ್ನು ಮರಳಿ ತಂದದ್ದು ಆ ನಷ್ಟವನ್ನು ತಗ್ಗಿಸಲೆಂದೇ, ಪೂರ್ತಿ ಅಳಿಸಲಾಗಲಿಲ್ಲ. ಬೆನ್ನಟ್ಟುವವನು ಎಷ್ಟು ಮೊದಲು ಬ್ರೇಕ್ ಒತ್ತಬೇಕು, ಎಷ್ಟು ಬದಿಗೆ ಸರಿದು ಶುದ್ಧ ಗಾಳಿ ಹುಡುಕಬೇಕು ಎಂಬುದನ್ನು ಸ್ಟೇರಿಂಗ್ ತಿರುಗಿಸುವ ಮೊದಲೇ ನಿರ್ಧರಿಸಬೇಕು.