‘ಬೇಡ’ ಅಂದ ಹ್ಯಾಷ್‌ಟ್ಯಾಗ್: ಸ್ಟೀಲ್ ಫ್ಲೈಓವರ್ ನಿಂತು ಹೋದ ಕಥೆ

ಇತಿಹಾಸ ಅಂದ ಕೂಡಲೇ ಶಾಸನ, ಕೋಟೆ, ರಾಜರು ನೆನಪಾಗ್ತಾರೆ. ಇವತ್ತಿನದು ಅಷ್ಟು ಹಳೇದಲ್ಲ, 2016ರದ್ದು. ಕೇಳ್ತಿರೋ ನಿಮ್ಮಲ್ಲಿ ಕೆಲವರು ಆಗ ಹೈಸ್ಕೂಲಲ್ಲಿ ಇದ್ದಿರಬಹುದು.

ಆ ವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತು. ಅಲ್ಲಿಯವರೆಗೆ ಡೇಟಾ ಆನ್ ಮಾಡಿ, ಮೆಸೇಜ್ ನೋಡಿ, ತಕ್ಷಣ ಆಫ್ ಮಾಡ್ತಿದ್ದ ಜನಕ್ಕೆ ಪುಕ್ಕಟೆ 4ಜಿ ಸಿಕ್ಕಿತು. ಅದೇ ತಿಂಗಳ ಕೊನೆಗೆ ರಾಜ್ಯ ಸಚಿವ ಸಂಪುಟ ಬೆಂಗಳೂರಿಗೆ ಒಂದು ಉಕ್ಕಿನ ಮೇಲ್ಸೇತುವೆ ಮಂಜೂರು ಮಾಡಿತು. ಚಾಲುಕ್ಯ ವೃತ್ತದ ಬಳಿಯಿಂದ ಹೆಬ್ಬಾಳದವರೆಗೆ, ಏರ್‌ಪೋರ್ಟ್ ದಾರಿಯಲ್ಲಿ, ಸುಮಾರು 6.7 ಕಿಲೋಮೀಟರ್. ಖರ್ಚು 1,791 ಕೋಟಿ ರೂಪಾಯಿ. ಅದಕ್ಕಾಗಿ ಕಡಿಯಬೇಕಾಗಿದ್ದ ಮರಗಳು 812.

ಇವೆರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದರೆ 812 ಅನ್ನೋ ಸಂಖ್ಯೆ ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಬೇಗ ಮನೆಮನೆ ಸುತ್ತಿತು ಅಂತ ಯೋಚಿಸೋವಾಗ, ಜನರ ಕೈಯಲ್ಲಿ ಆಗ ಏನಿತ್ತು ಅನ್ನೋದೂ ನೆನಪಿರಲಿ.

ಸಂಪುಟದ ಒಪ್ಪಿಗೆಗೂ ಮುಂಚೆ ಸಾರ್ವಜನಿಕರ ಅಭಿಪ್ರಾಯ ಕೇಳಲೇ ಇಲ್ಲವಾ? ಕೇಳಿದ್ದರು. ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಇ-ಮೇಲ್ ಮೂಲಕ ಅಭಿಪ್ರಾಯ ಕಳಿಸಿ ಅಂದಿತ್ತು. ಬಂದ ಮೇಲ್‌ಗಳು ಮುನ್ನೂರರ ಆಸುಪಾಸು. ಅದರಲ್ಲಿ ಶೇಕಡ 73 ಜನ ಯೋಜನೆಯ ಪರವಾಗಿದ್ದಾರೆ ಅಂತ ಪ್ರಾಧಿಕಾರ ಹೇಳಿತು. ಕೋಟಿ ಮೀರಿದ ಜನರ ಊರಲ್ಲಿ ಮುನ್ನೂರು ಮೇಲ್! ದೊಡ್ಡ ಮದುವೆಯ ಒಂದು ಪಂಕ್ತಿಯಲ್ಲೂ ಅಷ್ಟು ಜನ ಕೂರ್ತಾರೆ. ಯೋಜನೆಯ ಪೂರ್ತಿ ವರದಿ, ಅಂದ್ರೆ ಡಿಪಿಆರ್, ತೋರಿಸಿ ಆಮೇಲೆ ನಮ್ಮ ಅಭಿಪ್ರಾಯ ಕೇಳಿ ಅನ್ನೋದು ವಿರೋಧಿಸಿದವರ ಮೊದಲ ಬೇಡಿಕೆಯಾಗಿತ್ತು. ನ್ಯಾಯವಾದದ್ದೇ. ಏನು ಬಡಿಸ್ತಿದ್ದಾರೆ ಅಂತ ಗೊತ್ತಿಲ್ಲದೆ ರುಚಿ ಹೇಳೋದು ಹೇಗೆ?

ಆಗ ಹುಟ್ಟಿದ್ದೇ ‘ಸ್ಟೀಲ್ ಫ್ಲೈಓವರ್ ಬೇಡ’ ಹ್ಯಾಷ್‌ಟ್ಯಾಗ್. ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ, ಆದರೆ ಕೊನೆಯ ಪದ ಕನ್ನಡ. ನನಗೆ ಈ ಹೋರಾಟದಲ್ಲಿ ತುಂಬಾ ಇಷ್ಟವಾದದ್ದು ಇದೇ. ‘ಬೇಡ’ ಅನ್ನೋದಕ್ಕೆ ಅನುವಾದ ಬೇಕಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ಸೌಟು ಹಾಕೋಕೆ ಬಂದವರಿಗೆ ಎಲೆ ಮೇಲೆ ಕೈ ಅಡ್ಡ ಹಿಡಿದು ಹೇಳೋ ಮಾತು ಅದು. ಜಗಳದ ಮಾತಲ್ಲ, ಆದರೆ ಅದಾದ ಮೇಲೆ ಬಡಿಸೋ ಹಾಗಿಲ್ಲ. ಕನ್ನಡ ಬಾರದ ಟೆಕ್ಕಿಗಳೂ ಆ ಒಂದು ಪದ ಕಲಿತು ಟ್ವೀಟ್ ಮಾಡಿದರು.

ಇದು ಟ್ವಿಟರ್‌ನಲ್ಲಿರೋ ಇಂಗ್ಲಿಷ್ ಮಂದಿಯ ಗಲಾಟೆ ಅನ್ನೋ ಟೀಕೆ ಇತ್ತು. ಪೂರ್ತಿ ಸುಳ್ಳೂ ಅಲ್ಲ. ಫೋನ್ ಇಲ್ಲದವರ, ದಿನಾ ಬಿಎಂಟಿಸಿ ಬಸ್ಸಲ್ಲಿ ನಿಂತು ಹೋಗೋರ ಅಭಿಪ್ರಾಯ ಯಾವ ಹ್ಯಾಷ್‌ಟ್ಯಾಗಲ್ಲಿ ಇತ್ತು? ಆದರೆ ಅಕ್ಟೋಬರ್ 16, ಭಾನುವಾರ ಬೆಳಿಗ್ಗೆ, ಫೋನಿನಲ್ಲಿದ್ದದ್ದು ರಸ್ತೆಗೆ ಇಳಿಯಿತು. ಸಿಟಿಜನ್ಸ್ ಫಾರ್ ಬೆಂಗಳೂರು ಅನ್ನೋ ಬಳಗದ ಕರೆಗೆ ಸಾವಿರಾರು ಜನ ಬಂದು, ಆ ಸೇತುವೆ ಹೋಗಬೇಕಿದ್ದ ದಾರಿಯಲ್ಲೇ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದರು. ರಂಗಕರ್ಮಿ ಪ್ರಕಾಶ್ ಬೆಳವಾಡಿ ಮುಂದಾಳುಗಳಲ್ಲಿ ಒಬ್ಬರು.

ಹಾಗಂತ ಸರಪಳಿಯೊಂದೇ ಸೇತುವೆ ನಿಲ್ಲಿಸಲಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅದೇ ತಿಂಗಳ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಕಾಮಗಾರಿಗೆ ಮಧ್ಯಂತರ ತಡೆ ಕೊಟ್ಟಿತು. ಅದರ ಹಿಂದೆ ಅರ್ಜಿ ಬರೆದವರು, ವಾದ ಮಾಡಿದವರು ಇದ್ದರು. ಈ ಯೋಜನೆ ಊರಿನ ಮಾಸ್ಟರ್ ಪ್ಲಾನ್‌ನಲ್ಲೇ ಇಲ್ಲ ಅನ್ನೋ ತಾಂತ್ರಿಕ ಮಾತೂ ಇತ್ತು. ಅದು ಯಾವ ಮೀಮ್‌ಗೂ ಹೊಂದೋದಿಲ್ಲ, ಕೋರ್ಟಿನಲ್ಲಿ ಮಾತ್ರ ತೂಕ ಬರೋ ಮಾತು. ಇನ್ನೊಂದು ಕಡೆ ಪ್ರತಿಪಕ್ಷ ಕಿಕ್‌ಬ್ಯಾಕ್ ಆರೋಪ ಹಿಡಿದು ಕೂತಿತು, ಸರ್ಕಾರ ಅಲ್ಲಗಳೆಯಿತು. 2018ರ ಚುನಾವಣೆ ಹತ್ತಿರ ಬರ್ತಿತ್ತು. 2017ರ ಮಾರ್ಚ್ 2ರಂದು ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು. ಜನ ಬೇಡ ಅಂದರು ಅನ್ನೋದಕ್ಕಿಂತ, ಆರೋಪಗಳು ಬರ್ತಿವೆ ಅನ್ನೋದೇ ಆ ಮಾತಿನ ಧಾಟಿ.

ಬೇಡ ಅನ್ನೋದಕ್ಕೆ ಐದೇ ತಿಂಗಳು ಸಾಕಾಯ್ತು. ‘ಬೇಕು’ ಅನ್ನೋದಕ್ಕೆ?

ಅದೇ ಬಳಗ ಅದೇ 2016ರ ಡಿಸೆಂಬರ್‌ನಲ್ಲಿ ‘ಚುಕುಬುಕು ಬೇಕು’ ಅಂತ ಇನ್ನೊಂದು ಹ್ಯಾಷ್‌ಟ್ಯಾಗ್ ಹಿಡಿದು ಉಪನಗರ ರೈಲು ಕೇಳಿತು. ಎಷ್ಟು ಮುದ್ದಾದ ಹೆಸರು! ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ ಆಗಿದ್ದು 2022ರ ಜೂನ್‌ನಲ್ಲಿ. ಬೇಡ ಅಂದಾಗ ಒಬ್ಬರು ನಿಲ್ಲಿಸಿದರೆ ಸಾಕು. ಬೇಕು ಅಂದಾಗ ರೈಲ್ವೆ, ರಾಜ್ಯ, ಕೇಂದ್ರ, ದುಡ್ಡು, ಜಾಗ ಎಲ್ಲವೂ ಒಟ್ಟಿಗೆ ಬರಬೇಕು. ಟ್ರೆಂಡಿಂಗ್ ಅಷ್ಟು ವರ್ಷ ಉಳಿಯೋದಿಲ್ಲ.

ಈ ಬೇಕು-ಬೇಡ ಮಾತಾಡೋಕೆ ಕಾನೂನಲ್ಲೇ ಒಂದು ಜಾಗ ಇದೆ, ಗೊತ್ತಾ? ವಾರ್ಡ್ ಸಮಿತಿ. 1992ರ ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದದ್ದು. ಕರ್ನಾಟಕದ ಆಗಿನ ನಿಯಮದಂತೆ ಹತ್ತು ಜನ ಸದಸ್ಯರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ತಿಂಗಳಿಗೊಂದು ಸಭೆ. ಫ್ಲೈಓವರ್ ಹೋರಾಟದ ಗದ್ದಲ ಇಳಿದ ಮೇಲೆ ಆ ಬಳಗದ ಕೆಲವರು ಹೋಗಿ ತಟ್ಟಿದ್ದು ಇದೇ ಬಾಗಿಲನ್ನ. ಸಭೆ ಕರೀರಿ, ನಡಾವಳಿ ಬರೀರಿ, ಅದನ್ನ ಜನಕ್ಕೆ ತೋರಿಸಿ ಅಂತ. ಚರಂಡಿ, ಕಸ, ಬೀದಿದೀಪದ ಈ ಕೆಲಸಕ್ಕೆ ಸೆಲ್ಫಿ ತಗೊಳ್ಳೋರು ಕಡಿಮೆ. ವಾರ್ಡ್ ಸಮಿತಿಯ ಅಧ್ಯಕ್ಷರು ಕಾರ್ಪೊರೇಟರ್. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಸದಸ್ಯರ ಅವಧಿ ಮುಗೀತು, ಚುನಾವಣೆ ನಡೀಲಿಲ್ಲ. ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಆ ಐದೂ ವರ್ಷ ಊರಿಗೆ ಒಬ್ಬರೂ ಕಾರ್ಪೊರೇಟರ್ ಇರಲಿಲ್ಲ.

ಅದೇ ಹೊತ್ತಿಗೆ ಹೆಬ್ಬಾಳದಿಂದ ಇನ್ನೊಂದು ರಸ್ತೆಯ ಯೋಜನೆ ಸಿದ್ಧವಾಗ್ತಿತ್ತು. ಆಗ ತಲೆ ಮೇಲೆ ಹೋಗಬೇಕಿದ್ದದ್ದು ಈ ಸಲ ನೆಲದ ಕೆಳಗೆ: ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ. ಮತ್ತೆ ಪೋಸ್ಟುಗಳು, ಮತ್ತೆ ಸಹಿ ಸಂಗ್ರಹ, ಮತ್ತೆ ಲಾಲ್‌ಬಾಗ್‌ ಜಾಗದ ಪ್ರಶ್ನೆ. ಆ ಕಥೆ ಇನ್ನೂ ಮುಗಿದಿಲ್ಲ. ಹಾಗಾಗಿ ಅದನ್ನ ಈಗಲೇ ಇತಿಹಾಸದ ಪಾಡ್‌ಕಾಸ್ಟ್‌ಗೆ ಎಳೆದು ತರೋದು ಬೇಡ.